ಹಾಲಕ್ಕಿ ಕೈಗೆಟುಕುವಷ್ಟು ಹತ್ತಿರ ಸಿಕ್ಕಾಗ

"ಹಾಲಕ್ಕಿ ನುಡೀತೈತೆ, ಹಾಲಕ್ಕಿ ನುಡೀತೈತೆ" ಎಂದು ಬುಡಬುಡಿಕೆಯವರು ಬೆಳಗಿನ ಜಾವ ಮನೆ ಬಾಗಿಲಲ್ಲಿ ನಿಂತು ಹೇಳುವುದನ್ನು ಕೇಳಿದವರು ಬಹಳ. ಆ ಹಾಲಕ್ಕಿ ಒಂದು ಪುಟ್ಟ ಗೂಬೆ ಎಂದು ತಿಳಿದವರು ಕಡಿಮೆ. ತಲೆಯಿಂದ ಬಾಲದ ತುದಿಗೆ ಸುಮಾರು 21 ಸೆಂಟಿಮೀಟರ್ ಉದ್ದ. ತೂಕ 110 ಗ್ರಾಂ ಆಸುಪಾಸು, ಅಂದರೆ ಎರಡು ಕೋಳಿಮೊಟ್ಟೆಯಷ್ಟು. ಬೂದುಗಂದು ಮೈಮೇಲೆ ಬಿಳಿ ಚುಕ್ಕೆ, ಬಿಳಿ ಹುಬ್ಬು, ಹಳದಿ ಕಣ್ಣು. ನಮ್ಮ ಊರು, ತೋಟ, ಹಳೇ ಗುಡಿಗಳ ಸುತ್ತಲೇ ಬದುಕುವ ಹಕ್ಕಿಯಾದರೂ ಅದು ಒಂದು ಮಾರು ದೂರಕ್ಕೆ ಸಿಗುವುದು ಅಪರೂಪ. ಸಿಕ್ಕರೆ ಮೂರೇ ಸಂದರ್ಭ: ಪೊಟರೆಯ ಬಾಯಲ್ಲಿ ಕೂತಿರುವಾಗ, ಮರಿ ನೆಲಕ್ಕೆ ಬಿದ್ದಿರುವಾಗ, ಇಲ್ಲವೇ ಹಕ್ಕಿ ಪೆಟ್ಟಾಗಿ ಅಥವಾ ದಾರಿ ತಪ್ಪಿ ಮನೆ ಸೇರಿರುವಾಗ. ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಒಂದಕ್ಕೆ ಮಾಡುವ ಉಪಕಾರ ಇನ್ನೊಂದರಲ್ಲಿ ಹಕ್ಕಿಯ ಪ್ರಾಣ ತೆಗೆಯುತ್ತದೆ.

ಮೊದಲು ಇದು ಹಾಲಕ್ಕಿಯೇ ಎಂದು ನೋಡಿಕೊಳ್ಳಿ. ತಲೆಯ ಮೇಲೆ ಕಿವಿಯಂತೆ ಎರಡು ಗರಿಕುಚ್ಚು ಎದ್ದಿದ್ದು ಕಣ್ಣು ಕಂದಾಗಿದ್ದರೆ ಅದು ಬೇರೆ ಜಾತಿಯ ಚಿಕ್ಕ ಗೂಬೆ. ಮಲೆನಾಡಿನ ಕಾಡಂಚಿನಲ್ಲಿ ಚುಕ್ಕೆಯ ಬದಲು ಮೈತುಂಬ ಅಡ್ಡಗೆರೆಗಳಿರುವ ಪುಟ್ಟ ಗೂಬೆ ಕಂಡರೆ ಅದು ಕಾಡು ಹಾಲಕ್ಕಿ. ಮುಖ ಹೃದಯದ ಆಕಾರದಲ್ಲಿ ಬಿಳಿಯಾಗಿದ್ದರೆ ಕಣಜ ಗೂಬೆ. ಮುಂದೆ ಹೇಳುವ ಪ್ರಥಮ ಚಿಕಿತ್ಸೆ ಎಲ್ಲಕ್ಕೂ ಒಂದೇ. ಗೂಡು ಮತ್ತು ಮರಿಯ ವಿಷಯ ಮಾತ್ರ ಹಾಲಕ್ಕಿಯದು.

ಪೊಟರೆಯ ಬಾಯಲ್ಲಿ ಕೂತಿದ್ದರೆ

ಹಾಲಕ್ಕಿ ಹಗಲು ಹೊತ್ತು ಆಲ, ಅರಳಿ, ಹುಣಸೆ, ಮಾವಿನ ಪೊಟರೆಯಲ್ಲೋ ಕೋಟೆಗೋಡೆ, ಗೋಪುರದ ಸಂದಿಯಲ್ಲೋ ಇರುತ್ತದೆ. ಪತ್ತೆಗೆ ಕಣ್ಣಿಗಿಂತ ಕಿವಿ ಮುಂದಿರಲಿ. ಹಗಲಲ್ಲಿ ಅಳಿಲು, ಗೊರವಂಕ, ಪಿಕಳಾರ ಒಂದೇ ಕೊಂಬೆಗೆ ಮುಖ ಮಾಡಿ ಬಿಡದೆ ಕಿರುಚುತ್ತಿದ್ದರೆ ಅಲ್ಲಿ ಹಾವು ಇಲ್ಲವೇ ಗೂಬೆ ಇದೆ ಎಂದೇ ಲೆಕ್ಕ. ಮರದ ಬುಡದಲ್ಲಿ ಸುಣ್ಣ ಚೆಲ್ಲಿದಂತೆ ಹಿಕ್ಕೆಯ ಕಲೆ, ಜೀರುಂಡೆಯ ರೆಕ್ಕೆಚಿಪ್ಪು, ಕೂದಲು ಮತ್ತು ಸಣ್ಣ ಮೂಳೆ ಸೇರಿ ಗಟ್ಟಿಯಾದ ಉಂಡೆ ಬಿದ್ದಿದ್ದರೆ ಮೇಲೆ ಅದರ ಠಾವು ಇದೆ. ಆ ಉಂಡೆ ಹಿಕ್ಕೆಯಲ್ಲ. ಅರಗದೆ ಉಳಿದದ್ದನ್ನು ಹಕ್ಕಿ ಬಾಯಿಂದ ಹೊರಹಾಕುತ್ತದೆ. ಒದ್ದೆ ಮಾಡಿ ಸೂಜಿಯಿಂದ ಬಿಡಿಸಿದರೆ ಇಲಿಯ ದವಡೆ, ಓತಿಕ್ಯಾತದ ಮೂಳೆ, ಜಿರಳೆಯ ಕಾಲು ಸಿಗುತ್ತವೆ. ಆದರೆ ಬರಿಗೈಲಿ ಮುಟ್ಟಬೇಡಿ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ.

ನೋಡಲು ಸರಿಯಾದ ಹೊತ್ತು ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚಿನಿಂದ ಕತ್ತಲಾಗುವವರೆಗೆ. ಪೊಟರೆಯಿಂದ 15-20 ಮೀಟರ್ ದೂರದಲ್ಲಿ, ಮರಕ್ಕೋ ಗೋಡೆಗೋ ಒರಗಿ ಕೂರಿ. ಆಕಾಶಕ್ಕೆ ಎದುರಾಗಿ ನಿಂತರೆ ನಿಮ್ಮ ಆಕಾರ ಅದಕ್ಕೆ ದೊಡ್ಡದಾಗಿ ಕಾಣುತ್ತದೆ. 8×42 ದುರ್ಬೀನು ಇದ್ದರೆ ಬೇಕಾದಷ್ಟಾಯಿತು. ಹತ್ತಿರ ಹೋಗಲೇಬೇಕೆಂದರೆ ನೇರ ನಡೆಯಬೇಡಿ. ಬೇರೆಲ್ಲೋ ಹೋಗುವವರಂತೆ ಓರೆಯಾಗಿ ನಾಲ್ಕು ಹೆಜ್ಜೆ ಇಟ್ಟು, ನಿಂತು, ಎರಡು ನಿಮಿಷ ಬೇರೆ ಕಡೆ ನೋಡಿ. ಕಾರು ಅಲ್ಲಿಯವರೆಗೆ ಹೋಗುವ ಹಾಗಿದ್ದರೆ ಕಾರಿನೊಳಗೇ ಕೂತಿರುವುದು ಎಲ್ಲಕ್ಕಿಂತ ಮೇಲು. ವಾಹನಕ್ಕೆ ಹೆದರದ ಹಾಲಕ್ಕಿ ಅದರಿಂದ ಇಳಿದ ಮನುಷ್ಯನಿಗೆ ಹೆದರುತ್ತದೆ.

ಅದು ಏನು ಹೇಳುತ್ತಿದೆ ಎಂದು ಓದಲು ಕಲಿಯಿರಿ. ಗೂಬೆಯ ಕಣ್ಣುಗುಡ್ಡೆ ತನ್ನ ಕುಳಿಯಲ್ಲಿ ತಿರುಗುವುದಿಲ್ಲ. ದಿಕ್ಕು ಬದಲಿಸಲು ತಲೆಯನ್ನೇ ತಿರುಗಿಸಬೇಕು. ಕತ್ತಿನಲ್ಲಿ 14 ಮೂಳೆಗಳಿರುವುದರಿಂದ ಒಂದು ಬದಿಗೆ 270 ಡಿಗ್ರಿವರೆಗೆ ತಲೆ ತಿರುಗುತ್ತದೆ. ಅದು ತಲೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಕುಣಿಸಿದರೆ ನಿಮ್ಮ ದೂರ ಅಳೆಯುತ್ತಿದೆ ಎಂದು ಅರ್ಥ. ನೋಡುವವರಿಗೆ ಇದು ಮುದ್ದಾಗಿ ಕಾಣುತ್ತದೆ, ಹಕ್ಕಿಗೆ ಇದು ಗಾಬರಿಯ ಮೊದಲ ಮೆಟ್ಟಿಲು. ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ. ಮೈ ಸೆಟೆದು ತೆಳ್ಳಗೆ ಉದ್ದವಾದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಕೊಕ್ಕನ್ನು ಟಕ್ ಟಕ್ ಎಂದು ಕುಟ್ಟಿದರೆ, ಗರಿ ಉಬ್ಬಿಸಿ ರೆಕ್ಕೆ ಅಗಲಿಸಿದರೆ ನೀವು ಈಗಾಗಲೇ ಅತಿಯಾಗಿ ಹತ್ತಿರ ಬಂದಿದ್ದೀರಿ, ಹೊರಟುಬಿಡಿ. ಹಗಲಲ್ಲಿ ಬೆದರಿ ಹಾರಿದ ಹಾಲಕ್ಕಿಯನ್ನು ಕಾಗೆಗಳು ಅಟ್ಟಾಡಿಸುತ್ತವೆ. ನಿಮ್ಮ ಒಂದು ಫೋಟೋಕ್ಕೆ ಅದು ಆ ಬೆಲೆ ತೆರುವುದು ಬೇಡ.

ಫ್ಲ್ಯಾಷ್ ಬೇಡ, ಟಾರ್ಚನ್ನು ಕಣ್ಣಿಗೆ ಹಿಡಿಯುವುದೂ ಬೇಡ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ, ಅದರಲ್ಲೂ ನವೆಂಬರಿನಿಂದ ಏಪ್ರಿಲ್‌ವರೆಗೆ. ಅದು ಮರಿ ಮಾಡುವ ಕಾಲ. ತನ್ನ ಜಾಗಕ್ಕೆ ಬೇರೆ ಹಾಲಕ್ಕಿ ನುಗ್ಗಿದೆ ಎಂದು ಕಾವು ಬಿಟ್ಟು ಹೊರಬರುತ್ತದೆ. ಫೋಟೋ ಹಂಚಿಕೊಳ್ಳುವಾಗ ಊರು, ಮರದ ಗುರುತು ಬರೆಯಬೇಡಿ. ಮೊಬೈಲಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ. ಮಾಟಮಂತ್ರಕ್ಕೆಂದು ಗೂಬೆ ಹಿಡಿದು ಮಾರುವವರು ನಮ್ಮ ದೇಶದಲ್ಲಿ ಇದ್ದಾರೆ, ದೀಪಾವಳಿ ಹತ್ತಿರ ಬಂದಾಗ ಆ ವ್ಯಾಪಾರ ಏರುತ್ತದೆ. ಜಾಗದ ಗುರುತು ಅವರಿಗೂ ಸಿಗುತ್ತದೆ.

ನೆಲದ ಮೇಲೆ ಮರಿ ಕಂಡರೆ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ, ಅದೂ ಕರುಣೆಯಿಂದಲೇ. ಫೆಬ್ರವರಿಯಿಂದ ಮೇವರೆಗೆ ಮರದ ಕೆಳಗೆ ಬೂದು ತುಪ್ಪುಳದ ಮರಿ ಕಂಡ ಕೂಡಲೇ "ಅಯ್ಯೋ ಪಾಪ, ತಾಯಿ ಬಿಟ್ಟುಹೋಗಿದೆ" ಎಂದು ಮನೆಗೆ ತರುತ್ತಾರೆ. ತಾಯಿ ಬಿಟ್ಟುಹೋಗಿರುವುದಿಲ್ಲ. ಹಗಲಾದ್ದರಿಂದ ಅದು ಮೇಲಿನ ಎಲೆಗಳ ನಡುವೆ ಸುಮ್ಮನೆ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ.

ಹಾಲಕ್ಕಿ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಸುಮಾರು ನಾಲ್ಕು ವಾರ ಕಾವು, ಆಮೇಲೆ ಮತ್ತೊಂದು ತಿಂಗಳು ಮರಿ ಪೊಟರೆಯಲ್ಲಿ. ಸರಿಯಾಗಿ ಹಾರಲು ಬರುವ ಮುಂಚೆಯೇ ಮರಿ ಹೊರಬಂದು ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತದೆ, ಕೆಲವೊಮ್ಮೆ ಜಾರಿ ಬೀಳುತ್ತದೆ. ಉಗುರು ಕೊಕ್ಕು ಬಳಸಿ ಒರಟು ತೊಗಟೆಯ ಮರ ಹತ್ತುವುದೂ ಅದಕ್ಕೆ ಗೊತ್ತು. ಹೀಗಾಗಿ ನೆಲದ ಮರಿಯನ್ನು ಮೊದಲು ಮೂರು ಮಾರು ದೂರದಿಂದ ನೋಡಿ. ಮೈಮೇಲೆ ಗರಿ ಬಂದಿದೆ, ತಲೆಯ ಮೇಲೆ ಮಾತ್ರ ತುಪ್ಪುಳ ಉಳಿದಿದೆ, ಬಾಲ ಮೋಟು, ಎರಡು ಕಾಲಮೇಲೆ ನೆಟ್ಟಗೆ ನಿಂತಿದೆ, ಹತ್ತಿರ ಹೋದರೆ ಕೊಕ್ಕು ಕುಟ್ಟುತ್ತದೆ: ಇದು ಆರೋಗ್ಯವಂತ ಮರಿ. ಮಾಡಬೇಕಾದ್ದು ಒಂದೇ, ನಾಯಿ ಬೆಕ್ಕನ್ನು ಕಟ್ಟಿಹಾಕಿ ಅದನ್ನು ಹತ್ತಿರದ ಕೊಂಬೆಗೆ ಏರಿಸುವುದು. ಹಳೇ ಪಂಚೆಯ ತುಂಡನ್ನು ಹಿಂದಿನಿಂದ ಅದರ ಮೇಲೆ ಹೊದಿಸಿ, ಎರಡೂ ರೆಕ್ಕೆ ಮೈಗೆ ಸೇರುವಂತೆ ಎರಡು ಅಂಗೈಯಲ್ಲಿ ಎತ್ತಿ. ಟರ್ಕಿ ಟವೆಲ್ ಬೇಡ, ಅದರ ನೂಲಿನ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಕೈಯೆತ್ತಿದರೆ ಸಿಗುವ ಎತ್ತರಕ್ಕಿಂತ ಮೇಲೆ, ನೆರಳಿರುವ, ಬೆರಳಿಗಿಂತ ತುಸು ದಪ್ಪದ ಕೊಂಬೆ ನೋಡಿ. ಕಾಲು ಕೊಂಬೆಗೆ ತಾಗುತ್ತಲೇ ಅದು ಹಿಡಿದುಕೊಳ್ಳುತ್ತದೆ, ಆಗ ಬಟ್ಟೆ ಸರಿಸಿ. ಕೂರಿಸುವ ಮೊದಲು ಕೊಂಬೆಯಲ್ಲಿ ಚಗಳಿ ಗೂಡು ಇಲ್ಲವೆಂದು ನೋಡಿ. ಮರಿಯ ಕಣ್ಣಿಗೂ ಮೂಗಿನ ಹೊಳ್ಳೆಗೂ ಇರುವೆ ಮುತ್ತಿದರೆ ತಪ್ಪಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ.

ಉಗುರು ನಿಮ್ಮ ಬೆರಳಿಗೆ ಕಚ್ಚಿಕೊಂಡರೆ ಎಳೆಯಬೇಡಿ. ಬೇಟೆ ಹಕ್ಕಿಯ ಕಾಲಿನ ಸ್ನಾಯುಹುರಿಗೆ ಬೀಗದಂಥ ಕಟ್ಟು ಇದೆ, ಮೊಣಕಾಲು ಮಡಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಅದರ ಕಾಲನ್ನು ಮೆಲ್ಲಗೆ ನೇರ ಮಾಡಿ, ಬೆರಳುಗಳು ತಾವಾಗಿ ಸಡಿಲಾಗುತ್ತವೆ.

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ಮುಟ್ಟಿದ ವಾಸನೆಗೆ ಗೂಬೆ ಮರಿಯನ್ನು ತೊರೆಯುವುದಿಲ್ಲ. ಈ ಒಂದು ನಂಬಿಕೆಯಿಂದಾಗಿ ಎಷ್ಟೋ ಮರಿಗಳು ಮರದ ಬದಲು ಪಂಜರ ಸೇರಿವೆ.

ಮರಿ ತೀರಾ ಎಳೆಯದು, ಬಿಳಿ ತುಪ್ಪುಳ ಮಾತ್ರ ಇದೆ, ಕಣ್ಣು ಸರಿಯಾಗಿ ತೆರೆದಿಲ್ಲ, ನಿಲ್ಲಲಾರದು ಎಂದರೆ ಅದು ಪೊಟರೆಗೇ ಹೋಗಬೇಕು. ಕೈಗೆ ತಣ್ಣಗೆ ತಾಗಿದರೆ ಮೊದಲು ಬೆಚ್ಚಗೆ ಮಾಡಿ: ಅರ್ಧ ಲೀಟರಿನ ಬಾಟಲಿಗೆ ಕೈ ತಡೆಯುವಷ್ಟು ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಮರಿ ಬೇಕೆಂದರೆ ದೂರ ಸರಿಯಲು ಜಾಗವಿರಲಿ. ಬೆಚ್ಚಗಾದ ಮೇಲೆ ಏಣಿಯಿಂದ ಪೊಟರೆಗೆ ಸೇರಿಸಿ. ಏಣಿ ಹಿಡಿಯಲು ಇನ್ನೊಬ್ಬರು ಇರಲಿ, ಹತ್ತುವವರ ಕಣ್ಣಿಗೆ ಕನ್ನಡಕ ಇರಲಿ. ದೊಡ್ಡ ಹಾಲಕ್ಕಿ ಮುಖಕ್ಕೆ ಎರಗುವುದುಂಟು. ಪೊಟರೆಯೊಳಗೆ ಕೈ ಹಾಕುವ ಮುಂಚೆ ಟಾರ್ಚ್ ಬಿಟ್ಟು ನೋಡಿ, ಹಾವೂ ಅಲ್ಲಿ ಇರಬಹುದು.

ಪೊಟರೆ ಸಿಗದಿದ್ದರೆ, ಅಥವಾ ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯುವಾಗ ಪೊಟರೆಯೇ ಉರುಳಿದ್ದರೆ, ಬದಲಿ ಗೂಡು ಕಟ್ಟಬಹುದು. 25-30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಆಳದ ಬಿದಿರಿನ ಬುಟ್ಟಿ ಸಾಕು. ಪ್ಲಾಸ್ಟಿಕ್ಕಿನದಾದರೆ ನೀರು ಇಳಿಯಲು ತಳಕ್ಕೆ ಏಳೆಂಟು ತೂತು ಕೊರೆಯಿರಿ. ಒಳಗೆ ಒಣಗಿದ ತೆಳು ಕಡ್ಡಿಗಳನ್ನು ಎರಡು ಬೆರಳು ದಪ್ಪ ಹಾಸಿ. ಬರೀ ಕಾಗದ ಹಾಸಿದರೆ ಮರಿಯ ಕಾಲು ಜಾರಿ ಎರಡು ಬದಿಗೆ ಅಗಲವಾಗುತ್ತದೆ, ಹುಲ್ಲಿನಲ್ಲಿರುವ ಬೂಷ್ಟು ಹಕ್ಕಿಯ ಶ್ವಾಸಕ್ಕೆ ಕೆಡುಕು. ಬುಟ್ಟಿಯನ್ನು ಅದೇ ಮರಕ್ಕೆ, ಅದು ಉರುಳಿದ್ದರೆ ಪಕ್ಕದ ಮರಕ್ಕೆ, ಕನಿಷ್ಠ 3 ಮೀಟರ್ ಎತ್ತರದಲ್ಲಿ, ಮಧ್ಯಾಹ್ನದ ಬಿಸಿಲು ಬೀಳದ ಕಡೆ ಎರಡು ಜಾಗದಲ್ಲಿ ಹಗ್ಗ ಹಾಕಿ ಕಟ್ಟಿ. ಒಂದೇ ಕಡೆ ಕಟ್ಟಿದರೆ ಗಾಳಿಗೆ ಮಗುಚುತ್ತದೆ.

ಆಮೇಲಿನ ಕೆಲಸ ಕಾಯುವುದು, ಇದನ್ನು ಬಿಡಬೇಡಿ. ಮುಸ್ಸಂಜೆಗೆ 20 ಮೀಟರ್ ದೂರದಲ್ಲಿ, ದೀಪ ಆರಿಸಿ, ಮಾತಿಲ್ಲದೆ ಎರಡು ಗಂಟೆ ಕೂರಿ. ಮರಿ ಹಸಿದು ಕೂಗುತ್ತದೆ, ಆ ದನಿಯೇ ತಂದೆತಾಯಿಗೆ ದಾರಿ. ದೊಡ್ಡವು ಜಿರಳೆ, ಮಿಡತೆ, ಪತಂಗ ಹಿಡಿದು ಸದ್ದಿಲ್ಲದೆ ಬರುತ್ತವೆ. ಒಂದು ಸಲ ಬಂದುದನ್ನು ಕಂಡರೆ ಆಯಿತು, ನೀವು ಎದ್ದು ಹೋಗಬಹುದು. ಎರಡು ಗಂಟೆ ಕಳೆದರೂ ಏನೂ ಬರದಿದ್ದರೆ, ಮರಿ ಎಳೆಯದಾದರೆ ರಾತ್ರಿಗೆ ಒಳಗೆ ತಂದು ಅರಣ್ಯ ಇಲಾಖೆಯ ಸಹಾಯವಾಣಿಗೆ (ಸಂಖ್ಯೆ ಮುಂದಿದೆ) ಕರೆ ಮಾಡಿ.

ಮನೆಯೊಳಗೆ ಬಂದರೆ

ಜಿರಳೆ, ಹಲ್ಲಿಯನ್ನೋ ದೀಪಕ್ಕೆ ಬಂದ ಹುಳುವನ್ನೋ ಬೆನ್ನಟ್ಟಿ ಬಂದಿರುತ್ತದೆ. ಅಪಶಕುನ, ಮನೆ ಬಿಡಬೇಕು, ಶಾಂತಿ ಮಾಡಿಸಬೇಕು ಎಂದು ಹೆದರಿ ಪೊರಕೆ ಹಿಡಿಯುವವರಿದ್ದಾರೆ. ಇಲಿ ಹುಳು ತಿಂದು ಬದುಕುವ ಈ ಹಕ್ಕಿಯಿಂದ ಮನೆಗೆ ಯಾವ ಕೇಡೂ ಇಲ್ಲ, ಕೇಡು ಇರುವುದು ಅದಕ್ಕೆ, ನಮ್ಮ ಫ್ಯಾನಿನಿಂದ. ಹಾಗಾಗಿ ಎಲ್ಲಕ್ಕೂ ಮೊದಲು ಫ್ಯಾನ್ ಆರಿಸಿ. ನಾಯಿ, ಬೆಕ್ಕು, ಮಕ್ಕಳನ್ನು ಹೊರಕ್ಕೆ ಕಳಿಸಿ, ಒಳಕೋಣೆಗಳ ಬಾಗಿಲು ಹಾಕಿ. ಹೊರಗಿನ ಒಂದು ದೊಡ್ಡ ಕಿಟಕಿ ಅಥವಾ ಬಾಗಿಲನ್ನು ಪೂರ್ತಿ ತೆರೆದು, ಉಳಿದ ಗಾಜುಗಳಿಗೆ ಪರದೆ ಎಳೆಯಿರಿ. ಗಾಜು ಅದಕ್ಕೆ ಬಯಲಿನಂತೆ ಕಾಣುತ್ತದೆ. ರಾತ್ರಿಯಾದರೆ ಒಳಗಿನ ದೀಪ ಆರಿಸಿ ನೀವೂ ಹೊರಗೆ ಹೋಗಿ. ಹಗಲಾಗಿದ್ದು ಅದು ಅಟ್ಟದ ಮೇಲೋ ಪರದೆಯ ಸರಳಿನ ಮೇಲೋ ಸುಮ್ಮನೆ ಕೂತಿದ್ದರೆ ಓಡಿಸಬೇಡಿ, ಸಂಜೆಯವರೆಗೆ ಬಿಡಿ. ಕತ್ತಲಾಗುತ್ತಿದ್ದ ಹಾಗೆ ತಾನಾಗಿ ಹೋಗುತ್ತದೆ.

ಪೆಟ್ಟಾಗಿದ್ದರೆ

ಒಂದು ರೆಕ್ಕೆ ಇನ್ನೊಂದಕ್ಕಿಂತ ಕೆಳಗೆ ಜೋತಿದೆಯೇ, ತಲೆ ಒಂದು ಕಡೆ ವಾಲಿದೆಯೇ, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದೇ, ಬಾಯಲ್ಲಿ ರಕ್ತ ಇದೆಯೇ, ಬೆಕ್ಕು ಕಚ್ಚಿದೆಯೇ ನೋಡಿ. ಇವುಗಳಲ್ಲಿ ಯಾವುದಿದ್ದರೂ ವೈದ್ಯರೇ ಬೇಕು. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಸೂಜಿಮೊನೆಯಷ್ಟು ಕಂಡರೂ ಒಳಗೆ ನಂಜೇರುತ್ತದೆ, ಅಂದೇ ಔಷಧ ಬೀಳಬೇಕು. ಗಾಜಿಗೆ ಬಡಿದು ಬರೀ ಮಂಕಾಗಿ ಕೂತಿದ್ದರೆ ಕತ್ತಲ ಡಬ್ಬದಲ್ಲಿ ಒಂದೆರಡು ಗಂಟೆ ಇಟ್ಟರೆ ಚೇತರಿಸಿಕೊಳ್ಳಬಹುದು.

ಗಾಳಿಪಟದ ಮಾಂಜಾ ದಾರ ಸುತ್ತಿಕೊಂಡಿದ್ದರೆ ಎಳೆದು ಬಿಡಿಸಬೇಡಿ. ಒಂದು ಎಳೆತಕ್ಕೆ ಗಾಜಿನ ಪುಡಿ ಸವರಿದ ದಾರ ಚರ್ಮದಿಂದ ಮೂಳೆಯವರೆಗೆ ಇಳಿಯುತ್ತದೆ. ಮರದ ಕಡೆಯ ಎಳೆಯನ್ನು ಕತ್ತರಿಯಿಂದ ತುಂಡರಿಸಿ, ಮೈಮೇಲಿನದನ್ನು ಹಾಗೇ ಬಿಟ್ಟು ವೈದ್ಯರ ಬಳಿ ಒಯ್ಯಿರಿ. ಸಿಂಥೆಟಿಕ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, ಆದರೂ ಮರಗಳಲ್ಲಿ ಅದು ನೇತಾಡುತ್ತಲೇ ಇದೆ. ಇಲಿ ಹಿಡಿಯುವ ಅಂಟಿನ ಹಲಗೆಗೆ ಸಿಕ್ಕಿದ್ದರೂ ಕೀಳಬೇಡಿ, ಗರಿ ಬುಡಸಮೇತ ಬರುತ್ತದೆ. ಸುತ್ತಲಿನ ಖಾಲಿ ಅಂಟಿನ ಮೇಲೆ ಕಾಗದದ ಚೂರು ಅಂಟಿಸಿ, ಹಲಗೆಯ ಸಮೇತ ಕಳಿಸಿ. ಗಾಯ ಒಂದೂ ಕಾಣದೆ ಹಕ್ಕಿ ತೂಕಡಿಸುತ್ತಿದ್ದು, ಆಸುಪಾಸಿನಲ್ಲಿ ಇಲಿಪಾಷಾಣ ಇಟ್ಟಿದ್ದರೆ ಆ ಔಷಧದ ಪೊಟ್ಟಣದ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ವಿಷ ತಿಂದ ಇಲಿಯನ್ನು ತಿಂದ ಗೂಬೆಗೂ ವಿಷ ಏರುತ್ತದೆ, ಯಾವ ವಿಷ ಎಂದು ತಿಳಿದರೆ ಚಿಕಿತ್ಸೆ ಬೇಗ ಆಗುತ್ತದೆ.

ಡಬ್ಬ ಹೀಗಿರಲಿ: ಎಲ್ಲ ಬದಿಯೂ 30 ಸೆಂಟಿಮೀಟರಿನ ಆಸುಪಾಸು ಇರುವ ರಟ್ಟಿನ ಡಬ್ಬ, ಬದಿಗಳ ಕೆಳಭಾಗದಲ್ಲಿ ಪೆನ್ಸಿಲ್ ಗಾತ್ರದ ಹತ್ತು ಹನ್ನೆರಡು ತೂತು. ತೂತನ್ನು ಹಕ್ಕಿ ಇಡುವ ಮುಂಚೆಯೇ ಮಾಡಿ. ತಳಕ್ಕೆ ನ್ಯೂಸ್‌ಪೇಪರ್, ಅದರ ಮೇಲೆ ಹಳೇ ಹತ್ತಿಬಟ್ಟೆ ಮಡಿಸಿ ಹಾಸಿ. ತಂತಿಯ ಪಂಜರ ಬೇಡ, ಗಾಬರಿಯಲ್ಲಿ ಬಡಿದುಕೊಂಡು ರೆಕ್ಕೆಗರಿ ಮುರಿಯುತ್ತದೆ. ಗರಿ ಮುರಿದ ಹಕ್ಕಿಗೆ ಹೊಸದು ಬರುವವರೆಗೆ ಬಿಡುಗಡೆ ಇಲ್ಲ. ಮುಚ್ಚಳ ಟೇಪಿನಿಂದ ಅಂಟಿಸಿ, ಟೀವಿಯ ಸದ್ದಿಲ್ಲದ ಕೋಣೆಯಲ್ಲಿ ಇಟ್ಟುಬಿಡಿ. ಹೇಗಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ತೆರೆದು ನೋಡುವುದೇ ಬಹಳ ಹಕ್ಕಿಗಳಿಗೆ ಮುಳುವಾಗುವುದು. ಮನುಷ್ಯನ ಮುಖ ಅದಕ್ಕೆ ಬೇಟೆಗಾರನ ಮುಖ. ಕಣ್ಣು ಅರೆಮುಚ್ಚಿ ಸುಮ್ಮನಿದ್ದರೆ ಸಮಾಧಾನವಾಗಿದೆ ಎಂದುಕೊಳ್ಳಬೇಡಿ, ಅದು ಭಯದ ಇನ್ನೊಂದು ರೂಪ.

ಬಾಯಿಗೆ ನೀರು ಬಿಡಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ಸಿರಿಂಜಿನಿಂದ ಬಿಟ್ಟ ನಾಲ್ಕು ಹನಿ ನೇರ ಪುಪ್ಪುಸಕ್ಕೆ ಇಳಿಯುತ್ತದೆ. ಹೆಸರು ಹಾಲಕ್ಕಿ ಎಂದು ಹಾಲು ಕುಡಿಸುವವರಿದ್ದಾರೆ. ಯಾವ ಹಕ್ಕಿಗೂ ಹಾಲು ಅರಗುವುದಿಲ್ಲ. ಅನ್ನ, ಬ್ರೆಡ್ಡು, ಬಿಸ್ಕತ್ತು ಬೇಡ. ಬರೀ ಕೋಳಿಮಾಂಸದ ತುಂಡು ಹಾಕಿ ಬೆಳೆಸಿದ ಮರಿಗೆ ಸುಣ್ಣದಂಶ ಸಾಲದೆ ಕಾಲು ಸೊಟ್ಟಗಾಗುತ್ತದೆ. ಕಾಡಿನಲ್ಲಿ ಅದು ಇಲಿಯನ್ನು ಮೂಳೆ ಸಮೇತ ತಿನ್ನುತ್ತದೆ. ಒಂದು ರಾತ್ರಿ ಹಸಿದರೆ ದೊಡ್ಡ ಹಾಲಕ್ಕಿಗೆ ಏನೂ ಆಗದು. ಮರಿಗೆ ಏನು ಕೊಡಬೇಕೆಂದು ವೈದ್ಯರನ್ನೇ ಫೋನಿನಲ್ಲಿ ಕೇಳಿ.

ಕರೆ ಮಾಡಬೇಕಾದ್ದು ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ. ಬೆಂಗಳೂರಿನವರಿಗೆ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಊರಿನ ಕಡೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಮಾಡಿಸಿ, ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಮರದ ಕೆಳಗೆ ಸಿಕ್ಕಿತು ಎಂದು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಅಂಟಿಸಿ. ವಾಸಿಯಾದ ಹಕ್ಕಿ ಅದೇ ಜಾಗಕ್ಕೆ ಮರಳಬೇಕು, ಚೀಟಿ ಇಲ್ಲದಿದ್ದರೆ ಅದರ ಊರು ಯಾರಿಗೂ ತಿಳಿಯದು. ಬೈಕಿನಲ್ಲಿ ಒಯ್ಯುವುದಾದರೆ ಹಿಂದೆ ಕೂತವರು ತೊಡೆಯ ಮೇಲೆ ಹಿಡಿದುಕೊಳ್ಳಲಿ. ಸಾಕುವ ಆಸೆ ಮೂಡಿದರೆ ಇದು ನೆನಪಿರಲಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಗೂಬೆಯನ್ನು ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ಎಳೆಯದರಲ್ಲೇ ಮನುಷ್ಯನ ಕೈಯಲ್ಲಿ ಬೆಳೆದ ಗೂಬೆ ತಾನು ಗೂಬೆ ಎಂಬುದನ್ನೇ ಮರೆಯುತ್ತದೆ. ಹೊರಗೆ ಬಿಟ್ಟರೂ ಬೇಟೆ ಬಾರದು, ಜೊತೆ ಸಿಗದು, ಮತ್ತೆ ಮನುಷ್ಯರ ಹೆಗಲನ್ನೇ ಹುಡುಕುತ್ತದೆ.

ಬಿಡುವಾಗ

ಗಾಜಿಗೆ ಬಡಿದು ಚೇತರಿಸಿಕೊಂಡ ಹಕ್ಕಿಯನ್ನಾಗಲಿ, ವೈದ್ಯರು ಒಪ್ಪಿಗೆ ಕೊಟ್ಟ ಹಕ್ಕಿಯನ್ನಾಗಲಿ ಸಿಕ್ಕ ಜಾಗದಲ್ಲೇ, ಸೂರ್ಯ ಮುಳುಗಿ ಹದಿನೈದು ನಿಮಿಷಕ್ಕೆ, ಕಾಗೆಗಳು ಗೂಡು ಸೇರಿದ ಮೇಲೆ ಬಿಡಿ. ಮಳೆ ಬರುತ್ತಿದ್ದರೆ ಮರುದಿನಕ್ಕೆ ಮುಂದೂಡಿ. ಕೈಯಿಂದ ಮೇಲಕ್ಕೆ ಎಸೆಯಬೇಡಿ. ಡಬ್ಬವನ್ನು ಕಾಂಪೌಂಡು ಗೋಡೆಯಂಥ ಎತ್ತರದ ಜಾಗದಲ್ಲಿ ಪಕ್ಕಕ್ಕೆ ಮಲಗಿಸಿ, ಬಾಯಿ ಮರದ ಕಡೆಗಿರಲಿ, ರಸ್ತೆಯ ಕಡೆಗೆ ಬೇಡ. ಮುಚ್ಚಳ ತೆರೆದು ಡಬ್ಬದ ಹಿಂಬದಿಯಿಂದ ಹತ್ತು ಹೆಜ್ಜೆ ದೂರ ಸರಿಯಿರಿ. ಮೊದಲ ಕೆಲವು ನಿಮಿಷ ಅದು ಅಲುಗುವುದಿಲ್ಲ. ಆಮೇಲೆ ಅಂಚಿಗೆ ಬಂದು, ತಲೆಯನ್ನು ಒಂದು ಸುತ್ತು ತಿರುಗಿಸಿ, ತಗ್ಗಿ ಜಿಗಿದು, ಏರಿಳಿಯುವ ಹಾರಾಟದಲ್ಲಿ ಹತ್ತಿರದ ಕೊಂಬೆ ಸೇರುತ್ತದೆ. ಅರ್ಧ ಗಂಟೆಯಾದರೂ ಹೊರಬರದಿದ್ದರೆ, ಅಥವಾ ಹಾರಿ ನೆಲಕ್ಕೆ ಇಳಿದುಬಿಟ್ಟರೆ, ಬಟ್ಟೆ ಹೊದಿಸಿ ಹಿಡಿದು ಡಬ್ಬ ಮುಚ್ಚಿ. ಅದಕ್ಕೆ ಇನ್ನೂ ಚಿಕಿತ್ಸೆ ಬೇಕು. ಕೊಂಬೆ ಸೇರಿದ್ದರೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ಜೊತೆಯ ಹಕ್ಕಿ ಅದೇ ತೋಪಿನಲ್ಲಿದ್ದರೆ ಕತ್ತಲಲ್ಲಿ ಮೊದಲು ಒಂದು ಕಡೆಯಿಂದ ಚಿರ್ರ್ ಚಿರ್ರ್ ಎಂದು ಕೇಳುತ್ತದೆ, ಆಮೇಲೆ ಇನ್ನೊಂದು ಕಡೆಯಿಂದ.